ಮುಟ್ಟಿದರೆ ಮುನಿಯನ್ನು ಮುಟ್ಟದೆ ಬಿಡುವ ಆ್ಯಪ್ ಬೇಕು



ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಮನೆಗೆ ಬಂದಿದ್ದ. ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ನನ್ನ ಬಳಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಓದಿದವನು. ಸಂಧಿ ಬಿಡಿಸುವಾಗ ಪ್ರತಿಸಲವೂ ತಪ್ಪುತ್ತಿದ್ದ. ಗಣಿತದಲ್ಲಿ ಮಾತ್ರ ಶಾಲೆಗೇ ಮೊದಲಿಗ. ಈಗ ಮೂವರು ಗೆಳೆಯರೊಡನೆ ಸೇರಿ ಸಣ್ಣದೊಂದು ಸಾಫ್ಟ್‌ವೇರ್ ಸಂಸ್ಥೆ ನಡೆಸುತ್ತಿದ್ದಾನೆ. ಅಕ್ಕಿರೊಟ್ಟಿ ತಿಂದು ಕೈತೊಳೆದು ಬಂದವನೇ ಜೇಬಿನಿಂದ ಮೊಬೈಲು ತೆಗೆದು, "ಸಾರ್, ಹೊಸದೊಂದು ಆ್ಯಪ್ ಮಾಡುತ್ತಿದ್ದೇವೆ. ಅತಿಸೂಕ್ಷ್ಮ ಮನಸ್ಸಿನವರ ನೆಮ್ಮದಿಗಾಗಿಯೇ ಇರುವುದು. ಕನ್ನಡದಲ್ಲೂ ಬರುತ್ತದೆ. ನೀವು ನೋಡಿ ನಾಲ್ಕು ಮಾತು ಹೇಳಬೇಕು" ಎಂದ. ನನ್ನ ಫೋನಿಗೂ ಅದನ್ನು ಹಾಕಿಕೊಟ್ಟ. "ಯೋಚಿಸಿ ಬರೆಯುತ್ತೇನಪ್ಪಾ" ಎಂದೆ. "ಬೈದರೂ ಪರವಾಗಿಲ್ಲ ಸಾರ್, ಎಲ್ಲರೂ ಓದುವ ಹಾಗೆ ಬರೆಯಿರಿ" ಎಂದು ನಕ್ಕು ಹೋದ.

ಆದ್ದರಿಂದ ಬೈಯುತ್ತಿದ್ದೇನೆ. ಅವನೊಬ್ಬನನ್ನೇ ಅಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇದೇ ಉದ್ಯೋಗದಲ್ಲಿದ್ದೀರಿ. ಬಂಧುಗಳಲ್ಲಿ ಅನೇಕರು ಇಂಥ ಆ್ಯಪ್‌ಗಳನ್ನು ಮಕ್ಕಳ ಕೈಗೆ ಕೊಟ್ಟು ನಿಶ್ಚಿಂತರಾಗಿದ್ದೀರಿ. ಎಲ್ಲರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಬೈಯುವ ಅಧಿಕಾರ ನನಗೆಷ್ಟಿದೆ ಎಂಬುದನ್ನೂ ಮುಂದೆ ಹೇಳುತ್ತೇನೆ.

ಆ ಆ್ಯಪನ್ನು ಹನ್ನೆರಡು ದಿನ ಬಳಸಿದೆ. ತೆರೆದ ಕೂಡಲೇ ಸಂಗೀತ, ನೀರಿನಲ್ಲಿ ತೇಲುವ ಬಣ್ಣದ ಗುಳ್ಳೆಗಳು. ನೋಟಿಫಿಕೇಷನ್ ಕಳಿಸಲು ಅನುಮತಿ ಕೇಳಿತು. ಬೇಡವೆಂದೆ. ಮಾರನೆಯ ದಿನ ಮತ್ತೆ ಕೇಳಿತು, ಅದರ ಮರುದಿನವೂ ಕೇಳಿತು. ಕಾಟ ತಾಳಲಾರದೆ ಆಗಲಿ ಎಂದೆ. ಆಮೇಲೆ ದಿನಕ್ಕೆ ಐದು ಬಾರಿ ಅದು ನನ್ನನ್ನು ಕರೆಯತೊಡಗಿತು. ಬೆಳಿಗ್ಗೆ ಏಳಕ್ಕೆ "ನಿಮ್ಮ ಮನಸ್ಸು ನಿಮಗಾಗಿ ಕಾಯುತ್ತಿದೆ" ಎಂದಿತು. ಮಧ್ಯಾಹ್ನ ಕಣ್ಣು ಹತ್ತುವ ಹೊತ್ತಿಗೆ "ಉಸಿರಾಡಲು ಮರೆತಿರಾ?" ಎಂದು ಕೇಳಿತು. ಏಳನೆಯ ದಿನ ನಮ್ಮ ದೊಡ್ಡಮ್ಮ ತೀರಿಕೊಂಡರು. ಮಣ್ಣು ಮಾಡಿ, ಸ್ನಾನ ಮುಗಿಸಿ ಮನೆಗೆ ಬರುವಾಗ ರಾತ್ರಿ ಹನ್ನೊಂದಾಗಿತ್ತು. ಫೋನು ನೋಡಿದರೆ ಪರದೆಯ ಮೇಲೊಂದು ಬಾಡಿದ ಹೂವು. ಅದರ ಕೆಳಗೆ "ನಿಮ್ಮ 6 ದಿನಗಳ ಸರಣಿ ಮುರಿಯಿತು" ಎಂಬ ಬರಹ!

ನಾನು ಅರವತ್ತು ದಾಟಿದ ಗಂಡಸು. ನಾಲ್ಕು ಮಂದಿ ಮುಖ್ಯೋಪಾಧ್ಯಾಯರನ್ನೂ ಲೆಕ್ಕವಿಲ್ಲದಷ್ಟು ಇನ್‌ಸ್ಪೆಕ್ಷನ್ನುಗಳನ್ನೂ ಕಂಡವನು. ಹಾಗಿದ್ದೂ ಆ ಬಾಡಿದ ಹೂವನ್ನು ಕಂಡು ಒಂದು ಕ್ಷಣ ನಾನೇನೋ ತಪ್ಪು ಮಾಡಿದೆನೆನ್ನುವ ಅಳುಕು ಬಂದಿತು. ನನಗೇ ಹೀಗಾದರೆ, ಯಾರಿಗಾಗಿ ಇದನ್ನು ಕಟ್ಟಲಾಗಿದೆಯೋ ಅವರ ಗತಿಯೇನು?

ಈಗ ನನ್ನ ತಪ್ಪೊಪ್ಪಿಗೆ. 1993ರ ಮಾತು. ಮಲೆನಾಡಿನ ಒಂದು ಹಳ್ಳಿಯ ಪ್ರೌಢಶಾಲೆ. ನಮ್ಮ ಶಾಲೆಯ ಗಂಟೆಯೆಂದರೆ ಜಗಲಿಯ ತೊಲೆಗೆ ತೂಗುಹಾಕಿದ ರೈಲು ಕಂಬಿಯ ಒಂದು ತುಂಡು. ಜವಾನ ಅದನ್ನು ದಪ್ಪನೆಯ ಕಬ್ಬಿಣದ ಬೋಲ್ಟಿನಿಂದ ಬಾರಿಸುತ್ತಿದ್ದ. ಒಂಬತ್ತನೆಯ ತರಗತಿಯಲ್ಲಿ ಜಗಲಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಪ್ರತಿ ಗಂಟೆಗೂ ಬೆಚ್ಚಿ ಬೀಳುತ್ತಿದ್ದಳು. ಯಾರಾದರೂ ಏರುದನಿಯಲ್ಲಿ ಮಾತನಾಡಿದರೆ ಕಣ್ಣು ತುಂಬುತ್ತಿತ್ತು. ಬೇರೆಯವರಿಗೆ ಏಟು ಬಿದ್ದರೂ ಅಳುತ್ತಿದ್ದವಳು ಅವಳು. ಅದೇ ಹುಡುಗಿ ಪ್ರಬಂಧ ಬರೆದರೆ ಓದುತ್ತ ಓದುತ್ತ ನಾನು ಮೈಮರೆಯುತ್ತಿದ್ದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ನೀರಿನ ಸದ್ದು ಗಂಟೆಗಂಟೆಗೂ ಹೇಗೆ ಬದಲಾಗುತ್ತದೆಂದು ಒಮ್ಮೆ ಎರಡು ಪುಟ ಬರೆದಿದ್ದಳು.

ಒಂದು ದಿನ ಪದ್ಯವನ್ನು ಗಟ್ಟಿಯಾಗಿ ಓದಲು ಹೇಳಿದೆ. ಎದ್ದು ನಿಂತಳು, ತುಟಿ ನಡುಗಿತು, ಸ್ವರ ಹೊರಡಲಿಲ್ಲ. "ಏನಮ್ಮಾ, ಮುಟ್ಟಿದರೆ ಮುನಿ ಗಿಡವೇನು ನೀನು?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನನಗೂ ನನ್ನ ಹಾಸ್ಯ ಹಿಡಿಸಿತು. ಅಂದಿನಿಂದ ಅವಳ ಹೆಸರೇ ಅದಾಯಿತು. ಮತ್ತೆಂದೂ ಅವಳು ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಪ್ರಬಂಧಗಳು ಹತ್ತು ಸಾಲಿಗೆ ಇಳಿದವು. ಮರುವರ್ಷ ಅಜ್ಜಿಯ ಊರಿನ ಶಾಲೆಗೆ ಹೊರಟುಹೋದಳು.

ನಾನು ಇದನ್ನು ಮರೆತೇಬಿಟ್ಟಿದ್ದೆ. 2019ರಲ್ಲಿ, ನಿವೃತ್ತಿಗೆ ಒಂದು ವರ್ಷವಿರುವಾಗ, ಒಂದು ಮದುವೆಯ ಮನೆಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಗುರುತು ಹತ್ತಲಿಲ್ಲ. "ನಾನು ಸಾರ್, ಮುಟ್ಟಿದರೆ ಮುನಿ" ಎಂದರು. ನಗುತ್ತಲೇ ಹೇಳಿದರು. "ಆ ಹೆಸರು ನಮ್ಮೂರಲ್ಲಿ ಇನ್ನೂ ಹೋಗಿಲ್ಲ ಸಾರ್." ಅವರ ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಮಗಳು, ಓಲಗದವರ ಕಡೆಗೆ ಬೆನ್ನು ಮಾಡಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. "ಇವಳೂ ನನ್ನ ಹಾಗೆಯೇ" ಎಂದರು ತಾಯಿ. ಆ ದಿನ ಊಟ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯಲಾರೆ. ಒಮ್ಮೆ ಹೆಸರಿಟ್ಟು ಮಾಡಿದ ಅಪಚಾರವೇ ಸಾಕು.

ಆ ಮಗು ಈಗ ಹೈಸ್ಕೂಲು ಮುಗಿಸುವ ವಯಸ್ಸಿನಲ್ಲಿದೆ. ಅವಳ ಕೈಯಲ್ಲೂ ಫೋನು ಇರಬಹುದು. ನನ್ನ ಶಿಷ್ಯನ ಆ್ಯಪ್ ಯಾರಿಗಾಗಿ ಎಂದು ಯೋಚಿಸುವಾಗಲೆಲ್ಲ ಕಿವಿ ಮುಚ್ಚಿಕೊಂಡ ಆ ಮಗುವೇ ನನ್ನ ಕಣ್ಣ ಮುಂದೆ ನಿಲ್ಲುತ್ತದೆ.

ಅತಿಸೂಕ್ಷ್ಮತೆಯೆಂದರೆ ಏನು? ನಾವು ಬಿ.ಎಡ್. ಓದುವಾಗ ಇದಕ್ಕೊಂದು ಪಾಠವಿರಲಿಲ್ಲ. ಅಂಜುಬುರುಕರು, ಅಳುಬುರುಕರು ಎಂಬ ಎರಡು ಡಬ್ಬಗಳಲ್ಲಿ ಇಂಥವರನ್ನೆಲ್ಲ ತುಂಬಿ ಮುಚ್ಚಳ ಹಾಕುತ್ತಿದ್ದೆವು. ಅಮೆರಿಕದ ಮನೋವಿಜ್ಞಾನಿ ಎಲೇನ್ ಆರನ್ 1996ರಲ್ಲಿ ಈ ಕುರಿತು ಪುಸ್ತಕ ಬರೆದರು. ಮರುವರ್ಷ ಪತಿ ಆರ್ಥರ್ ಆರನ್ ಅವರೊಡನೆ ಸಂಶೋಧನಾ ಲೇಖನ ಪ್ರಕಟಿಸಿ, 27 ಪ್ರಶ್ನೆಗಳ ಒಂದು ಅಳತೆಗೋಲನ್ನೂ ಕೊಟ್ಟರು. ಅವರ ಪ್ರಕಾರ ಇದು ರೋಗವಲ್ಲ, ಹುಟ್ಟುಗುಣ. ಇಂಥವರಿಗೆ ಸದ್ದು, ಬೆಳಕು, ವಾಸನೆ, ಇನ್ನೊಬ್ಬರ ಮುಖಭಾವ ಎಲ್ಲವೂ ಹೆಚ್ಚು ಆಳಕ್ಕೆ ಇಳಿಯುತ್ತವೆ. ಆದ್ದರಿಂದಲೇ ಬೇಗ ದಣಿಯುತ್ತಾರೆ. ನೂರರಲ್ಲಿ 15ರಿಂದ 20 ಮಂದಿ ಹೀಗಿರುತ್ತಾರೆಂದು ಆರನ್ ಅಂದಾಜು ಮಾಡಿದ್ದರು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಜನರನ್ನು ಮೂರು ಗುಂಪು ಮಾಡಿ, ಹೆಚ್ಚು ಸೂಕ್ಷ್ಮರು ನೂರಕ್ಕೆ ಸುಮಾರು 30 ಎಂದಿತು. ಆ ಸಂಶೋಧಕರು ಗುಂಪುಗಳಿಗೆ ಹೂವಿನ ಹೆಸರಿಟ್ಟರು: ಎಲ್ಲೆಂದರಲ್ಲಿ ಬೆಳೆಯುವ ಡ್ಯಾಂಡಲಿಯನ್, ನಡುವಿನ ಟ್ಯೂಲಿಪ್, ಆರೈಕೆ ಬೇಡುವ ಆರ್ಕಿಡ್. ನಮ್ಮ ಕಾಡಿನ ಸೀತಾಳೆ ದಂಡೆಯೂ ಒಂದು ಆರ್ಕಿಡ್ಡೇ ಅಲ್ಲವೆ! ಐವತ್ತು ಮಕ್ಕಳ ತರಗತಿಯಲ್ಲಿ ಹಾಗಾದರೆ ನನ್ನೆದುರು ಪ್ರತಿವರ್ಷ ಹತ್ತೋ ಹದಿನೈದೋ ಸೀತಾಳೆ ದಂಡೆಗಳು ಕೂತಿದ್ದವು. ನನಗೆ ಕಂಡದ್ದು ಒಂದು. ಅದನ್ನೂ ನಗೆಗೀಡು ಮಾಡಿದೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸೂಕ್ಷ್ಮ ಮನಸ್ಸು ಕೆಟ್ಟದ್ದಕ್ಕೆ ಹೆಚ್ಚು ನೋಯುವಂತೆಯೇ ಒಳ್ಳೆಯದಕ್ಕೆ ಹೆಚ್ಚು ಚಿಗುರುತ್ತದೆ. ಲಂಡನ್ನಿನ ಬಡ ಬಡಾವಣೆಯ ಶಾಲೆಯೊಂದರಲ್ಲಿ ಹನ್ನೊಂದರ ಹರೆಯದ ಹುಡುಗಿಯರಿಗೆ ಖಿನ್ನತೆ ಬಾರದಂತೆ ತಡೆಯುವ ಪಾಠಗಳನ್ನು ನಡೆಸಿ, ಫಲಿತಾಂಶವನ್ನು ಮೈಕೆಲ್ ಪ್ಲೂಯಸ್ ಮತ್ತು ಇಲೋನಾ ಬೋನಿವೆಲ್ 2015ರಲ್ಲಿ ಪ್ರಕಟಿಸಿದರು. ಹೆಚ್ಚು ಸೂಕ್ಷ್ಮರಾಗಿದ್ದ ಹುಡುಗಿಯರಿಗೆ ಪ್ರಯೋಜನವಾಯಿತು. ಕಡಿಮೆ ಸೂಕ್ಷ್ಮತೆಯವರಿಗೆ ಆಗಲಿಲ್ಲ. ಅಂದರೆ ಇವರಿಗಾಗಿ ಒಳ್ಳೆಯದೊಂದನ್ನು ಕಟ್ಟುವುದು ವ್ಯರ್ಥವಲ್ಲ. ಎಲ್ಲರಿಗಿಂತ ಹೆಚ್ಚು ಫಲ ಕೊಡುವ ನೆಲ ಇವರೇ. ಅದಕ್ಕೇ ನನಗೆ ಸಿಟ್ಟು. ಇಂಥ ನೆಲಕ್ಕೆ ನೀವು ಏನನ್ನು ಬಿತ್ತುತ್ತಿದ್ದೀರಿ?

ನನ್ನ ಮೊದಲನೆಯ ಆಕ್ಷೇಪ ಈ ಕರೆಯುವ ಚಾಳಿಯ ಮೇಲೆ. ಸದ್ದಿಗೆ ದಣಿಯುವವನಿಗೆ ನೆಮ್ಮದಿ ಕೊಡುತ್ತೇನೆಂದು ಹೊರಟು ಅವನ ಕಿವಿಯ ಬಳಿಯೇ ದಿನಕ್ಕೆ ಐದು ಸಲ ಗಂಟೆ ಬಾರಿಸುವುದು ಯಾವ ನ್ಯಾಯ? ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಮನಸ್ಸಿನ ಆರೋಗ್ಯದ 93 ಆ್ಯಪ್‌ಗಳ ಬಳಕೆಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಕಿಕೊಂಡ ನೂರು ಮಂದಿಯಲ್ಲಿ ಹದಿನೈದನೆಯ ದಿನಕ್ಕೆ ತೆರೆಯುತ್ತಿದ್ದವರು ಸುಮಾರು ನಾಲ್ವರು. ಮೂವತ್ತನೆಯ ದಿನಕ್ಕೆ ಮೂವರು ಚಿಲ್ಲರೆ. ಹೂಡಿಕೆದಾರರಿಗೆ ಈ ಲೆಕ್ಕ ತೋರಿಸುವುದು ಹೇಗೆ? ಆದ್ದರಿಂದ ಸರಣಿ, ಪದಕ, ಬಾಡುವ ಹೂವು. ಈ ವಿದ್ಯೆ ನನಗೆ ಹೊಸದಲ್ಲ. ಬಿ.ಎಡ್. ಮನೋವಿಜ್ಞಾನದ ಪತ್ರಿಕೆಯಲ್ಲಿ ಸ್ಕಿನ್ನರ್ ಅವರ ಪುನರ್ಬಲನದ ಬಗ್ಗೆ ಹತ್ತು ಅಂಕದ ಪ್ರಶ್ನೆ ತಪ್ಪದೆ ಬರುತ್ತಿತ್ತು. ಪ್ರತಿಸಲವೂ ಕಾಳು ಸಿಗುವ ಪಾರಿವಾಳ, ಕಾಳು ನಿಂತರೆ ಬೇಗ ಸುಮ್ಮನಾಗುತ್ತದೆ. ಯಾವಾಗಲೋ ಒಮ್ಮೆ ಸಿಗುವ ಪಾರಿವಾಳ ಕುಕ್ಕುವುದನ್ನು ಬಿಡುವುದೇ ಇಲ್ಲ. ನೀವು ಅದನ್ನೇ ಬಣ್ಣ ಹಚ್ಚಿ ಫೋನಿಗೆ ತಂದಿದ್ದೀರಿ. ಭಾಷೆ ಕಲಿಸುವ ಆ್ಯಪಿನಲ್ಲಿ ಅದು ನಡೆದೀತು. ಒಂದು ದಿನ ತಪ್ಪಿಸಿದ್ದಕ್ಕೆ ರಾತ್ರಿಯೆಲ್ಲ ಕೊರಗುವ ಸ್ವಭಾವದವರಿಗೆ, ಅದೂ ನೆಮ್ಮದಿಯ ಹೆಸರಿನಲ್ಲಿ, ಹೀಗೆ ಮಾಡುವುದು ಗಾಯದ ಮೇಲೆ ಬರೆ ಎಳೆದಂತೆ.

ಇಲ್ಲಿಯೇ ನಿಮ್ಮ ಅಳತೆಗೋಲಿನ ಬುಡವೇ ತಪ್ಪಿದೆ ಎನ್ನುತ್ತೇನೆ. ಒಬ್ಬ ಒಳ್ಳೆಯ ವೈದ್ಯನ ಬಳಿ ರೋಗಿ ಎಷ್ಟು ಸಲ ಬಂದ ಎಂಬುದು ಅವನ ಹಿರಿಮೆಯೆ? ವಿದ್ಯಾರ್ಥಿ ಎಷ್ಟು ವರ್ಷ ನನ್ನ ತರಗತಿಯಲ್ಲೇ ಉಳಿದ ಎಂಬುದು ನನ್ನ ಹಿರಿಮೆಯಾದರೆ, ಎಲ್ಲರನ್ನೂ ಫೇಲು ಮಾಡಿದ ಮೇಷ್ಟ್ರೇ ಶ್ರೇಷ್ಠನಾಗಬೇಕಾಯಿತು! ಸೂಕ್ಷ್ಮ ಮನಸ್ಸಿನ ಆ್ಯಪ್ ಗೆದ್ದಿದೆಯೆಂದು ಹೇಳಬೇಕಾದರೆ ಅದು ಜನರನ್ನು ಎಷ್ಟು ಬೇಗ, ಎಷ್ಟು ಸದ್ದಿಲ್ಲದೆ ಬಿಟ್ಟುಕೊಟ್ಟಿತು ಎಂಬುದನ್ನು ನೋಡಬೇಕು. ಎಷ್ಟು ನಿಮಿಷ ಹಿಡಿದಿಟ್ಟಿತು ಎಂದಲ್ಲ.

ಎರಡನೆಯ ಆಕ್ಷೇಪ ಕನ್ನಡದ ಮೇಷ್ಟ್ರದ್ದು. ಆ ಆ್ಯಪ್ ಪ್ರತಿದಿನ ಕೇಳುತ್ತದೆ: "ನೀವು ಇಂದು ಹೇಗೆ ಭಾವಿಸುತ್ತಿದ್ದೀರಿ?" ನನ್ನ ಜೀವಮಾನದಲ್ಲಿ ಯಾವ ಕನ್ನಡಿಗನೂ ಇನ್ನೊಬ್ಬನನ್ನು ಹೀಗೆ ಕೇಳಿದ್ದನ್ನು ನಾನು ಕೇಳಿಲ್ಲ. "ಯಾಕೋ ಮುಖ ಬಾಡಿದೆಯಲ್ಲ" ಎನ್ನುತ್ತೇವೆ. "ಏನಮ್ಮಾ, ಮನಸ್ಸಿಗೆ ಬೇಜಾರಾ?" ಎನ್ನುತ್ತೇವೆ. ಪ್ರಶ್ನೆಯ ಕೆಳಗೆ ಉತ್ತರಕ್ಕಾಗಿ ಐದು ಗುಂಡು ಮುಖಗಳು: ತುಂಬ ನಗುವುದು, ನಗುವುದು, ಸುಮ್ಮನಿರುವುದು, ಅಳುವುದು, ಜೋರಾಗಿ ಅಳುವುದು. ಕಸಿವಿಸಿ, ತಳಮಳ, ಮುಜುಗರ, ಅಳುಕು, ಕಳವಳ, ದಿಗಿಲು, ಹಳಹಳಿ, ಕೊರಗು, ಇರಿಸುಮುರಿಸು, ಸಂಕಟ, ಬೇಸರ... ಇಷ್ಟು ಮಾತುಗಳಿರುವ ಭಾಷೆಯವರನ್ನು ಐದು ಮುಖಗಳಿಗೆ ಇಳಿಸಿಬಿಟ್ಟರೆ ಹೇಗೆ? ಮುಜುಗರವೂ ದಿಗಿಲೂ ಒಂದೇ ಅಲ್ಲ. ಅತಿಸೂಕ್ಷ್ಮ ಸಂವೇದನೆಯವರಿಗೆ ಆ ಎರಡರ ನಡುವಿನ ವ್ಯತ್ಯಾಸವೇ ಅವರ ಇಡೀ ದಿನ. ಇಷ್ಟಾದ ಮೇಲೆ ಆ ಮುಖಗಳನ್ನು ಕೂಡಿಸಿ ವಾರದ ಕೊನೆಗೆ "ನಿಮ್ಮ ನೆಮ್ಮದಿ 100ಕ್ಕೆ 54" ಎಂದು ಅಂಕಪಟ್ಟಿ ಕೊಡುತ್ತದೆ! ಮೂವತ್ತು ವರ್ಷಕ್ಕೂ ಮೇಲೆ ಅಂಕ ಕೊಟ್ಟವನು ಹೇಳುತ್ತಿದ್ದೇನೆ, ಅಂಕವೆಂಬುದು ಸೂಕ್ಷ್ಮ ಮನಸ್ಸಿನ ಮಗುವಿಗೆ ಏನು ಮಾಡುತ್ತದೆಂದು ನಾನು ಕಂಡಿದ್ದೇನೆ. 54 ಬಂದ ಮಗು 60 ಮಾಡಿಕೊಳ್ಳಲು ನಗುವ ಮುಖವನ್ನು ಒತ್ತಲು ಕಲಿಯುತ್ತದೆ. ಮುಖವಾಡ ಹಾಕುವುದನ್ನು ಶಾಲೆ ಆಗಲೇ ಸಾಕಷ್ಟು ಕಲಿಸಿದೆ. ಅದಕ್ಕೆ ನಿಮ್ಮ ನೆರವೂ ಬೇಕೆ?

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಮನಸ್ಸಿನ ಗುಟ್ಟು ಎಲ್ಲಿ ಹೋಗುತ್ತದೆ? ಅಮೆರಿಕದ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಸಮಾಲೋಚನಾ ಸಂಸ್ಥೆ, ಗುಟ್ಟಾಗಿಡುತ್ತೇವೆಂದು ಭರವಸೆ ಕೊಟ್ಟು ಪಡೆದ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದ ಕಂಪನಿಗಳಿಗೆ ಜಾಹೀರಾತಿಗಾಗಿ ಕೊಟ್ಟಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2023ರಲ್ಲಿ ಆ ಸಂಸ್ಥೆ 78 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಫಿನ್ಲೆಂಡಿನ ವಾಸ್ತಾಮೋ ಎಂಬ ಮನೋಚಿಕಿತ್ಸಾ ಸಂಸ್ಥೆಯ ಕಥೆ ಇನ್ನೂ ಘೋರ. ಅದರ ಕಂಪ್ಯೂಟರಿನಿಂದ ಕಳವಾದ ಕಡತಗಳನ್ನು ಹಿಡಿದುಕೊಂಡು 2020ರ ಅಕ್ಟೋಬರಿನಲ್ಲಿ ಕಳ್ಳನು ರೋಗಿಗಳಿಗೇ ನೇರವಾಗಿ ಪತ್ರ ಬರೆದು, ಹಣ ಕೊಡದಿದ್ದರೆ ನೀವು ಚಿಕಿತ್ಸಕರ ಮುಂದೆ ಹೇಳಿಕೊಂಡದ್ದನ್ನೆಲ್ಲ ಬಯಲು ಮಾಡುತ್ತೇನೆ ಎಂದು ಬೆದರಿಸಿದ. ಸುಮಾರು 33,000 ಮಂದಿಯ ಗುಟ್ಟು ಅದರಲ್ಲಿತ್ತು. ಒಬ್ಬರ ಮುಂದೆ ಬಾಯಿ ತೆರೆಯಲು ವರ್ಷಗಟ್ಟಲೆ ಧೈರ್ಯ ಕೂಡಿಸಿಕೊಂಡವರಿಗೆ ಆ ಪತ್ರ ಏನು ಮಾಡಿರಬೇಕು? ನಾನು ಇಟ್ಟ ಒಂದು ಅಡ್ಡಹೆಸರು ಇಪ್ಪತ್ತಾರು ವರ್ಷ ಒಬ್ಬರ ಹಿಂದೆ ಬಿದ್ದಿತ್ತು. ಅದು ಒಂದು ಊರಿನಲ್ಲಿ, ಬಾಯಿಂದ ಬಾಯಿಗೆ ಹರಡಿದ್ದು. ಯಂತ್ರದ ನೆನಪಿನಲ್ಲಿ ಉಳಿದದ್ದು ಎಷ್ಟು ದೂರ ಹಿಂಬಾಲಿಸೀತು, ಯೋಚಿಸಿ.

ನನ್ನ ಶಿಷ್ಯ ಸುಮ್ಮನೆ ಕೇಳಿಸಿಕೊಳ್ಳುವವನಲ್ಲ. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ವಾದಕ್ಕೆ ನಿಂತ. "ಸಾರ್, ಮಾನಸಿಕ ತೊಂದರೆ ಇರುವ ಎಲ್ಲರಿಗೂ ವೈದ್ಯರು ಸಿಗುತ್ತಾರೆಯೇ? ಸಿಕ್ಕರೂ ಹೋಗುತ್ತಾರೆಯೇ? ನಡುರಾತ್ರಿ ಎರಡು ಗಂಟೆಗೆ ತಳಮಳವಾದರೆ ಯಾರನ್ನು ಎಬ್ಬಿಸಬೇಕು?" ಅವನ ಮಾತಿನಲ್ಲಿ ಸತ್ಯವಿದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಕಾಯಿಲೆಗಳಿಗೆ ಅನುಗುಣವಾಗಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅತಿಸೂಕ್ಷ್ಮತೆ ಕಾಯಿಲೆಯಲ್ಲವಾದ್ದರಿಂದ ಅವರ ದಣಿವನ್ನು ಕೇಳುವವರಂತೂ ಇನ್ನೂ ಕಡಿಮೆ. ಎದುರಿಗೆ ಮನುಷ್ಯರಿದ್ದರೆ ಅವರ ಮುಖವನ್ನು ಓದುತ್ತಲೇ ಸುಸ್ತಾಗುವ ಸ್ವಭಾವ ಇವರದು. ಮುಖವಿಲ್ಲದ ಯಂತ್ರದ ಮುಂದೆ ಎರಡು ಸಾಲು ಬರೆಯುವುದು ಅವರಿಗೆ ನಿಜವಾಗಿಯೂ ಹಗುರವೆನಿಸಬಹುದು. ಒಪ್ಪಿದೆ.

ಆದರೆ ಗೆಳೆಯನ ವೇಷ ಹಾಕಬೇಡಿ. ಅಮೆರಿಕದಲ್ಲಿ 2017ರಲ್ಲಿ ಆರಂಭವಾದ ವೋಬಾಟ್ ಎಂಬ ಮಾತಾಡುವ ಆ್ಯಪ್ ತುಂಬ ಹೆಸರು ಮಾಡಿತ್ತು. 2025ರ ಜೂನ್ 30ರಂದು ಅದನ್ನು ಮುಚ್ಚಲಾಯಿತು. ಕಂಪನಿಗಳು ಹುಟ್ಟುತ್ತವೆ, ಮುಚ್ಚುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ "ನಾನು ಸದಾ ನಿನ್ನೊಡನಿದ್ದೇನೆ" ಎಂದು ಹೇಳುವ ಹಕ್ಕು ಯಾವ ಕಂಪನಿಗೂ ಇಲ್ಲ. ಸೂಕ್ಷ್ಮ ಮನಸ್ಸಿನವರು ಅಂಥ ಮಾತನ್ನು ನಂಬಿಬಿಡುತ್ತಾರೆ.

ಬೈದವನು ದಾರಿಯನ್ನೂ ತೋರಿಸಬೇಕು. ನಾನು ಎಂಜಿನಿಯರಲ್ಲ, ಆದರೂ ಮೇಷ್ಟ್ರ ಬುದ್ಧಿಗೆ ಹೊಳೆದದ್ದನ್ನು ಹೇಳುತ್ತೇನೆ.

ಆ್ಯಪ್ ತಾನಾಗಿ ಎಂದೂ ಕರೆಯಬಾರದು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಷನ್ನಿಗೆ ಬಳಸುವವರ ಅನುಮತಿ ಬೇಕೇಬೇಕು. ಬೇಡವೆಂದವರನ್ನು ಮತ್ತೆ ಕೇಳುವುದೆಂದರೆ ಆ ನಿಯಮದ ಕಣ್ಣಿಗೆ ಮಣ್ಣೆರಚಿದಂತೆ. ಬಯಸಿದವರಿಗೆ, ಅವರೇ ಹೇಳಿದ ಹೊತ್ತಿಗೆ, ಒಂದೇ ಸಾಲು ಸಾಕು.

ಪರದೆ ನಿಶ್ಚಲವಾಗಿರಲಿ. 2013ರಲ್ಲಿ ಆಪಲ್ ಕಂಪನಿಯ ಐಫೋನಿಗೆ ಐಓಎಸ್ 7 ಬಂದಾಗ, ಪರದೆಯ ಮೇಲಿನ ಚಲನೆಯಿಂದ ತಲೆಸುತ್ತು, ವಾಕರಿಕೆ ಬರುತ್ತದೆಂದು ಅನೇಕರು ದೂರಿದರು. ಚಲನೆಯನ್ನು ತಗ್ಗಿಸುವ ಆಯ್ಕೆ ಇಂದಿನ ಫೋನುಗಳಲ್ಲೆಲ್ಲ ಇದೆ. ಬಳಸುವವರು ಅದನ್ನು ಆರಿಸಿದ್ದಾರೆಯೇ ಎಂದು ಆ್ಯಪ್ ತಾನೇ ತಿಳಿದುಕೊಳ್ಳಬಹುದಂತೆ. ತಿಳಿದು ನಡೆದುಕೊಳ್ಳಿ. ತೇಲುವ ಗುಳ್ಳೆಗಳು ನಿಮಗೆ ಚೆಂದ. ಇಡೀ ದಿನ ಕಚೇರಿಯ ಟ್ಯೂಬ್‌ಲೈಟಿನ ಕೆಳಗೆ ಕೂತು ಬಂದ ಕಣ್ಣಿಗಲ್ಲ. ಸಂಗೀತವೂ ಕೇಳಿದರೆ ಮಾತ್ರ ಬರಲಿ.

ಅಂಕ, ಸರಣಿ, ಪದಕ, ಬಾಡುವ ಹೂವು ಯಾವುದೂ ಬೇಡ. ಹತ್ತು ದಿನ ಬಿಟ್ಟು ಬಂದವರಿಗೂ ನಿನ್ನೆ ತಾನೇ ಹೋಗಿ ಬಂದವರಿಗೆ ತೆರೆದಂತೆಯೇ ಬಾಗಿಲು ತೆರೆಯಬೇಕು. ಎಲ್ಲಿದ್ದೆ ಇಷ್ಟು ದಿನ ಎಂದು ಕೇಳಬಾರದು.

ಬರೆದದ್ದು ಅವರ ಫೋನಿನಲ್ಲೇ ಉಳಿಯಲಿ. ಅಳಿಸಿದರೆ ನಿಜವಾಗಿ ಅಳಿಯಲಿ. ಹೆಸರು, ಇಮೇಲು ಕೇಳದೆ ಉಸಿರಾಟ ಹೇಳಿಕೊಡಲಾಗದೆ? ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಅವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಒಪ್ಪುವುದಿಲ್ಲ. ಕಾಯ್ದೆಗೆ ಹೆದರಿ ಮಾಡುವುದಕ್ಕಿಂತ ಮರ್ಯಾದೆಗೆ ಅಂಜಿ ಮಾಡುವುದು ಲೇಸು.

ಮಾತು ಕನ್ನಡದ್ದಾಗಿರಲಿ. ಇಂಗ್ಲಿಷಿನಲ್ಲಿ ಬರೆದು ತಿರುಗಿಸಬೇಡಿ. ನಮ್ಮ ಅಜ್ಜಿ ಹೇಗೆ ಕೇಳುತ್ತಿದ್ದಳೋ ಹಾಗೆ ಕೇಳಲಿ. ಬೇಕಾದರೆ ನಾನೇ ಬಂದು ಕೂತು ಬರೆದುಕೊಡುತ್ತೇನೆ, ಸಂಬಳ ಬೇಡ.

ಮನುಷ್ಯರ ಕಡೆಗೆ ಹೋಗುವ ಬಾಗಿಲು ಎದ್ದು ಕಾಣುವಂತಿರಲಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. 14416 ಎಂಬ ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನಡುರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸಬೇಕೆಂದು ಕೇಳಿದೆಯಲ್ಲ, ಎದ್ದೇ ಕೂತವರಿದ್ದಾರೆ. ಈ ಸಂಖ್ಯೆ ನಿನ್ನ ಆ್ಯಪಿನಲ್ಲಿ ಎಲ್ಲಿದೆಯೆಂದು ಹುಡುಕಿದೆ. ನಾಲ್ಕು ಪುಟ ದಾಟಿ, "ಹಕ್ಕುತ್ಯಾಗ" ಎಂಬ ತಲೆಬರಹದ ಕೆಳಗೆ ಸಿಕ್ಕಿತು. ಇದು ಸಣ್ಣ ತಪ್ಪಲ್ಲ.

ಕೊನೆಯದಾಗಿ ತಂದೆತಾಯಿಗಳಿಗೆ, ಶಿಕ್ಷಕರಿಗೆ ಒಂದು ಮಾತು. ಎಷ್ಟೇ ಒಳ್ಳೆಯ ಆ್ಯಪ್ ಬಂದರೂ ಅದು ನಮ್ಮ ಗದ್ದಲಕ್ಕೆ ಪರಿಹಾರವಲ್ಲ. ಮಗುವಿಗೆ ಸದ್ದು ತಡೆಯುವುದಿಲ್ಲವೆಂದರೆ ಮೊದಲು ಟಿ.ವಿ. ಸದ್ದು ತಗ್ಗಿಸಬೇಕೇ ಹೊರತು, ಅದರ ಕೈಗೆ ಉಸಿರಾಟದ ಆ್ಯಪ್ ಕೊಟ್ಟು "ಹೋಗಿ ಶಾಂತಳಾಗು" ಎನ್ನುವುದಲ್ಲ. 2019ರ ಆ ಮದುವೆಯಿಂದ ಬಂದ ಮಾರನೆಯ ದಿನ ಶಾಲೆಯಲ್ಲಿ ನಾನು ಎರಡು ಕೆಲಸ ಮಾಡಿದೆ. ಅಷ್ಟು ಹೊತ್ತಿಗೆ ನಾನು ಬೇರೆ ಶಾಲೆಯಲ್ಲಿದ್ದೆ. ಗಂಟೆ ಮಾತ್ರ ಅಲ್ಲಿಯೂ ರೈಲು ಕಂಬಿಯದೇ. ಬಾರಿಸುವ ಕಬ್ಬಿಣದ ಬೋಲ್ಟನ್ನು ತೆಗೆಸಿ ಬಡಗಿಯಿಂದ ಮರದ ಕೊಡತಿಯೊಂದನ್ನು ಮಾಡಿಸಿ ಕೊಟ್ಟೆ. ಸದ್ದು ಊರಾಚೆಗೆ ಕೇಳದಿದ್ದರೂ ಶಾಲೆಗೆಲ್ಲ ಕೇಳುತ್ತಿತ್ತು. ಗಟ್ಟಿಯಾಗಿ ಓದುವುದನ್ನು ಇಷ್ಟವಿದ್ದವರಿಗೆ ಮಾತ್ರ ಎಂದು ಮಾಡಿದೆ. ಉಳಿದವರು ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಓದಬಹುದು ಎಂದೆ. ಮೂರು ತಿಂಗಳಲ್ಲಿ ಅಂಥ ಹನ್ನೊಂದು ಮಕ್ಕಳು ಬಂದು ಓದಿದರು. ಅವರಲ್ಲಿ ನಾಲ್ವರ ಸ್ವರವನ್ನು ನಾನು ಮೊದಲ ಬಾರಿ ಕೇಳಿದ್ದು ಆಗಲೇ. ಇಪ್ಪತ್ತಾರು ವರ್ಷ ತಡವಾಗಿ ಹೊಳೆದ ಬುದ್ಧಿ. ಕೊಡತಿಗೆ ಆದ ಖರ್ಚು ನೂರೈವತ್ತು ರೂಪಾಯಿ.

ಮುಟ್ಟಿದರೆ ಮುನಿ ಗಿಡವನ್ನು ನೀವೆಲ್ಲ ಬಲ್ಲಿರಿ. ಶಾಲೆಗೆ ಹೋಗುವ ದಾರಿಯಲ್ಲಿ ಕಾಲಿನಿಂದ ಸೋಕಿ ಎಲೆ ಮುಚ್ಚುವುದನ್ನು ನೋಡಿ ನಕ್ಕವರೇ ನಾವೆಲ್ಲ. ಅದನ್ನು ಮತ್ತೆ ತೆರೆಯಿಸಲು ಯಾರೂ ಏನೂ ಮಾಡಬೇಕಾಗಿಲ್ಲ. ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಟ್ಟರೆ ಸಾಕು, ತಾನಾಗಿ ತೆರೆಯುತ್ತದೆ. ಹಾಗೆ ಬಿಡಲು ಬಲ್ಲ ಆ್ಯಪ್ ಒಂದನ್ನು ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಕಟ್ಟಿದರೆ, ನನ್ನ ಪಿಂಚಣಿಯ ಹಣದಿಂದಲೇ ಮೊದಲ ಚಂದಾ ಕೊಡುತ್ತೇನೆ.

ಇನ್ನು, ಅಕ್ಕಿರೊಟ್ಟಿ ತಿಂದು ಹೋದವನಿಗೆ: ನೀನು ಕೇಳಿದೆ, ಬೈದಿದ್ದೇನೆ. ಬೇಸರಿಸಿಕೊಳ್ಳಬೇಡ. ಆ ಬಾಡಿದ ಹೂವನ್ನು ತೆಗೆದುಹಾಕಿ, 14416ನ್ನು ಮೊದಲ ಪುಟಕ್ಕೆ ತಂದು, ಮತ್ತೊಮ್ಮೆ ತೋರಿಸಲು ಬಾ. ಬರುವಾಗ ಹಿಂದಿನ ದಿನವೇ ತಿಳಿಸಿದರೆ ಮನೆಯವರಿಗೆ ಅನುಕೂಲ.

ಉಳಿದವರೂ ನಿಮ್ಮ ನಿಮ್ಮ ಅನುಭವ ಬರೆಯಿರಿ. ನನ್ನ ತರಗತಿಯಲ್ಲಿ ನಿಮ್ಮಲ್ಲಿ ಯಾರಿಗಾದರೂ ನಾನು ಇಂಥ ಹೆಸರಿಟ್ಟಿದ್ದರೆ ಅದನ್ನೂ ಬರೆಯಿರಿ. ಕ್ಷಮೆ ಕೇಳಲು ನನಗೆ ಇನ್ನೂ ಸಮಯವಿದೆ.